ಮೂರು ತಾಲ್ಲೂಕಿನ ದೇಶ ಸಂಚಾರ

ನಮ್ಮ ಮನೆಯವರಿಗೆ ತಲೆ ಸರಿಯಿಲ್ಲ ಎಂದು ನಾನು ಬರೆದರೆ, ಗಂಡನನ್ನು ಆಡಿಕೊಳ್ಳುವ ಹೆಂಗಸು ಎಂದು ನೀವು ನನ್ನನ್ನೇ ಬಯ್ಯುತ್ತೀರಿ. ಆದ್ದರಿಂದ ನಾನು ಹಾಗೆ ಹೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಜನ ಒಮ್ಮತದಿಂದ ಹೇಳಿದ್ದನ್ನು ತಿಳಿಸುತ್ತೇನೆ ಅಷ್ಟೆ.

ಹೊನ್ನವಳ್ಳಿಯ ಹತ್ತಿರ ನಮಗೊಂದು ತೆಂಗಿನ ತೋಟವಿದೆ. ಕಾಯಿ ಕೆಡವಿಸಿ ಅಟ್ಟಕ್ಕೆ ಏರಿಸಿಬಿಟ್ಟರೆ ಅದು ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮೇಲೆ ಕಾಯಿ ಸುಮ್ಮನೆ ಕೂತಿರುವಾಗ ಕೆಳಗೆ ಗಂಡಸೂ ಸುಮ್ಮನೆ ಕೂತಿರಬೇಕಲ್ಲವೇ? ಬೇರೆ ಮನೆಗಳಲ್ಲಿ ಕೂತಿರುತ್ತಾರೆ. ಇಸ್ಪೀಟಾಡುತ್ತಾರೆ, ಕೋರ್ಟಿಗೆ ಅಲೆಯುತ್ತಾರೆ, ಮರ್ಯಾದಸ್ಥರು ಮಾಡುವುದನ್ನೆಲ್ಲ ಮಾಡುತ್ತಾರೆ. ನಮ್ಮವರು ಮಾತ್ರ ಸೈಕಲ್ಲಿಗೆ ಕಂಬಳಿ ಕಟ್ಟಿಕೊಂಡು ದೇಶ ನೋಡಲು ಹೊರಡುತ್ತಿದ್ದರು. ದೇಶವೆಂದರೆ ಕಾಶಿ, ರಾಮೇಶ್ವರ ಅಂದುಕೊಂಡಿರೇನು? ತುರುವೇಕೆರೆ! ತೀರಾ ದೂರವೆಂದರೆ ಬೋರನಕಣಿವೆ ಅಣೆಕಟ್ಟು.

"ಬೆಳಿಗ್ಗೆ ತೋಟದ ನೆರಳು, ಮಧ್ಯಾಹ್ನ ಚಿಕ್ಕನಾಯಕನಹಳ್ಳಿ ಗುಡ್ಡ, ಸಾಯಂಕಾಲ ಬೋರನಕಣಿವೆ ನೀರು. ಒಂದೇ ದಿನದಲ್ಲಿ ಮೂರು ಲೋಕ ಕಣೇ," ಎನ್ನುತ್ತಿದ್ದರು.

"ಬಸ್ಸಿಗೂ ಕಿಟಕಿ ಇರ್ತವೆ ಕಣ್ರೀ."

"ಬಸ್ಸಲ್ಲಿ ಹೋದ್ರೆ ಊರು ಗೊತ್ತಾಯ್ತದೆ, ಏರು ಗೊತ್ತಾಗಲ್ಲ."

"ಏರು ಗೊತ್ತಾಗಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಅಟ್ಟಕ್ಕೆ ಕಾಯಿ ಏರ್ಸೋವಾಗ ನೀವೂ ಒಂದು ಕೈ ಹಾಕಿದ್ರೆ ಸಾಕಾಗಿತ್ತು."

ಏರು ಬಂದರೆ ಇಳಿದು ಸೈಕಲ್ಲನ್ನು ತಳ್ಳುವುದು, ಇಳಿಜಾರು ಬಂದರೆ ಬ್ರೇಕು ಹಿಡಿಯುವುದಿಲ್ಲವೆಂದು ಮತ್ತೆ ಇಳಿದು ಅದನ್ನು ಜಗ್ಗಿ ಹಿಡಿದುಕೊಳ್ಳುವುದು. ಹಾಗಾದರೆ ಸಂಚಾರ ಹೋದದ್ದು ಇವರೋ, ಇವರ ಖರ್ಚಿನಲ್ಲಿ ಸೈಕಲ್ಲೋ?

ನಮ್ಮ ಸೀಮೆಯಲ್ಲಿ ಹೊಸಬರು ಕಂಡರೆ "ಯಾರ ಮನೆಗೆ?" ಎಂದು ಕೇಳುವುದು ಪದ್ಧತಿ. ಯಾರ ಮನೆಗೂ ಅಲ್ಲದೆ ಊರಿಗೆ ಬರುವವನು ಕಳ್ಳನಿರಬೇಕು, ಇಲ್ಲವೇ ಸರ್ಕಾರದವನಿರಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಇವರು ಹೆಗಲಿಗೆ ಚೀಲ ನೇತುಹಾಕಿಕೊಂಡು ತುರುವೇಕೆರೆ ಕಡೆಯ ಒಂದು ಹಳ್ಳಿಗೆ ಹೋದರು. ಹಿಡಿದು ಆಪರೇಷನ್ ಮಾಡಿಸುವ ಕುಟುಂಬ ಯೋಜನೆಯವರು ಬಂದರೆಂದು ಅಲ್ಲಿನ ಗಂಡಸರೆಲ್ಲ ತೋಟ ಸೇರಿಕೊಂಡರಂತೆ. "ಎಂಥ ಪ್ರಶಾಂತವಾದ ಊರು ಅಂತೀಯ," ಎಂದು ಇವರು ಮನೆಗೆ ಬಂದು ಹೊಗಳಿದರು.

ಹುಳಿಯಾರಿನ ಹತ್ತಿರ ಇನ್ನೊಂದು ಊರು. ಅಲ್ಲೊಂದು ಮನೆಯವರು ಅವತ್ತು ಮಗಳನ್ನು ನೋಡಲು ಬರುವವರಿಗಾಗಿ ಕಾಯುತ್ತಿದ್ದರು. ಇವರ ಇಸ್ತ್ರಿ ಅಂಗಿ ಕಂಡು, ಗಂಡಿನ ಕಡೆಯ ಹಿರಿಯರೇ ಮುಂದಾಗಿ ಬಂದರೆಂದು ಚಾಪೆ ಹಾಸಿ ಕೂರಿಸಿದರು. ಯಾಕೆ, ಏನು ಎಂದು ಇವರು ಕೇಳಬೇಕೋ ಬೇಡವೋ? ಉಪ್ಪಿಟ್ಟು ತಿಂದರು. ಇನ್ನೊಂದಿಷ್ಟು ಹಾಕಿಸಿಕೊಂಡರು. ಹುಡುಗಿ ಬಂದು ಕಾಫಿ ಕೊಟ್ಟು ಹೋದಳು. "ಹೆಂಗನ್ನಿಸ್ತು ಯಜಮಾನ್ರೇ?" ಎಂದು ಹುಡುಗಿಯ ತಂದೆ ಕೇಳಿದರೆ, ಇವರು ಕಿಟಕಿಯಾಚೆ ನೋಡುತ್ತಾ "ಗುಡ್ಡ ಬಲು ಚೆಂದಾಗೈತೆ ಕಣ್ರೀ," ಎಂದರಂತೆ. ಅಷ್ಟರಲ್ಲಿ ನಿಜವಾದ ಬೀಗರು ಬಂದರು. ಆ ಗಡಿಬಿಡಿಯಲ್ಲಿ ಇವರ ಮೈಮೂಳೆ ಉಳಿಯಿತು.

ಇದನ್ನೆಲ್ಲ ಸಹಿಸಿಕೊಂಡೇನು. ಸಹಿಸಲಾಗದ್ದು ಒಂದಿತ್ತು. ನನ್ನ ತವರು ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಆಚೆ. ಅಲ್ಲಿ ಅಣ್ಣನ ಮನೆಯಲ್ಲಿ ಅಮ್ಮ ಇದ್ದರು. ನನಗೋ ಬಸ್ಸು ಆಗಿಬರುವುದಿಲ್ಲ. ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸಿದರೂ ಇಳಿಯುವ ಹೊತ್ತಿಗೆ ಅರ್ಧ ಜೀವವಾಗಿರುತ್ತೇನೆ. ಹೀಗಾಗಿ ಅಮ್ಮನ ಮುಖ ನೋಡುವುದೇ ಅಪರೂಪವಾಗಿತ್ತು. ಇವರು ಮಾತ್ರ ಸಂಚಾರ ಹೋದಾಗಲೆಲ್ಲ ಅಲ್ಲಿ ಉಂಡು ಬರುತ್ತಿದ್ದರು. ಬಂದು ಹೇಳುತ್ತಿದ್ದುದೇನು? ಗುಡ್ಡದ ಬಣ್ಣ, ಕುರಿಮಂದೆ, ಮೋಡದ ನೆರಳು!

"ನಮ್ಮಮ್ಮ ಹೆಂಗವ್ರೆ, ಮೊದ್ಲು ಅದು ಹೇಳ್ರೀ."

"ಚೆನ್ನಾಗವ್ರೆ ಬುಡು. ಆಮೇಲೆ ಆ ತಿರುವು ದಾಟುತ್ಲೂ ಏನಾಯ್ತು ಅಂದ್ರೆ..."

ಈ ಗುಡ್ಡದ ಪುರಾಣವನ್ನು ಪೂರ್ತಿ ಕೇಳುತ್ತಿದ್ದವರು ಲೋಕದಲ್ಲಿ ಅಮ್ಮ ಒಬ್ಬರೇ. ಪಾಪ, ವಯಸ್ಸಾಗಿತ್ತು. "ನೀನೂ ಕ್ಯಾರಿಯರ್ ಮೇಲೆ ಕೂತ್ಕೊ, ಹೋಗ್‌ಬರಾಣ," ಎಂದು ಇವರು ಪ್ರತಿ ಸಲ ಕರೆಯುತ್ತಿದ್ದರು. ಮಕ್ಕಳ ತಾಯಿಯಾದವಳು ಸೈಕಲ್ಲಿನ ಮೇಲೆ ಮೆರವಣಿಗೆ ಹೋಗುವುದೇ? ಮನೆಗೊಬ್ಬರನ್ನು ನೋಡಿ ಊರು ನಕ್ಕರೆ ಸಾಲದೇ?

ಒಂದು ಬೇಸಿಗೆಯ ಬೆಳಿಗ್ಗೆ ತವರೂರಿನ ಕುರಿ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತ. "ಅಮ್ಮಾರಿಗೆ ನಿನ್ನೆಯಿಂದ ಮಾತು ಕಮ್ಮಿ ಆಗೈತೆ ಕಣವ್ವ. ನೋಡಂಗಿದ್ರೆ ಈಗ್ಲೇ ಹೊಂಟ್‌ಬುಡು," ಎಂದ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಇನ್ನೊಂದು ಇದ್ದದ್ದು ಸಾಯಂಕಾಲ. ನಾನು ಕಂಬಕ್ಕೆ ಒರಗಿ ಅಳುತ್ತಾ ನಿಂತಿದ್ದೆ. ಇವರು ಕಂಬಳಿಯನ್ನು ಮಡಿಸಿ ಕ್ಯಾರಿಯರಿಗೆ ಬಿಗಿದು, "ಹತ್ತು," ಎಂದರು. ಊರಿನ ನಗು ನನಗೆ ನೆನಪಿಗೂ ಬರಲಿಲ್ಲ.

ಟಾರು ರಸ್ತೆ ಬಿಟ್ಟು ತೋಟಗಳ ನಡುವೆ, ಕೆರೆ ಏರಿಯ ಮೇಲೆ, ಗುಡ್ಡ ಹತ್ತಿ ಇಳಿಯುವ ಗಾಡಿ ಜಾಡಿನಲ್ಲಿ, ಬಸ್ಸಿನವರು ಕಂಡಿರದ ದಾರಿಯಲ್ಲಿ ಕರೆದೊಯ್ದರು. ಏರಿನಲ್ಲಿ ನಾನು ಇಳಿಯುತ್ತೇನೆಂದರೆ ಬೇಡವೆಂದು ತಲೆಯಾಡಿಸಿ, ಕೂರಿಸಿಕೊಂಡೇ ತಳ್ಳಿದರು. ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಗುಡ್ಡ ಬಂತು, ಕುರಿಮಂದೆ ಬಂತು. ಅವುಗಳನ್ನೇ ಹೇಳಿ ಹೇಳಿ ವರ್ಷಗಟ್ಟಲೆ ನನ್ನ ತಲೆ ತಿಂದಿದ್ದ ಮನುಷ್ಯ ಅವತ್ತು ಒಂದನ್ನೂ ನೋಡು ಅನ್ನಲಿಲ್ಲ.

ಅಮ್ಮನಿಗೆ ಇನ್ನೂ ಎಚ್ಚರವಿತ್ತು. ನನ್ನ ಕೈ ಹಿಡಿದುಕೊಂಡು, "ಯಾವ ಬಸ್ಸಿಗೆ ಬಂದೆ ಮಗ?" ಎಂದರು.

"ಸೈಕಲ್ಲಲ್ಲಿ ಕಣವ್ವ."

ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದ ಅಳಿಯನ ಕಡೆ ನೋಡಿ ಅಮ್ಮ ನಕ್ಕರು. ಮಧ್ಯಾಹ್ನ ನಾನು ಬಾಯಿಗೆ ನೀರು ಬಿಡುತ್ತಿರುವಾಗಲೇ ಹೋದರು. ಸಾಯಂಕಾಲದ ಬಸ್ಸಿಗೆ ಕಾದಿದ್ದರೆ ನನಗೆ ಅಮ್ಮ ಸಿಗುತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ಹೊರಟಾಗ ಅಣ್ಣ ಬಸ್ಸಿಗೆ ಹತ್ತಿಸುತ್ತೇನೆಂದ. ಬೇಡವೆಂದು ನಾನೇ ಹೋಗಿ ಕ್ಯಾರಿಯರ್ ಮೇಲೆ ಕೂತೆ. ಗುಡ್ಡದ ನೆತ್ತಿಯಲ್ಲಿ ಇವರು ಸೈಕಲ್ ನಿಲ್ಲಿಸಿದರು. ಹಿಂದೆ ಅಮ್ಮನ ಊರು, ಮುಂದೆ ದೂರದಲ್ಲಿ ನಮ್ಮ ಕಡೆಯ ತೋಟಗಳ ಹಸಿರು. ಇವರು ಆಗಲೂ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಕೈ ತೋರಿಸಿದೆ.

"ಅಗೋ, ಆ ಗುಡ್ಡ ಯಾವುದ್ರೀ?" ಎಂದು ಕೇಳಿದೆ.

ಹೇಳಲೆಂದು ಅತ್ತ ಕೈ ಎತ್ತಿದವರು, ಆ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.