ಐವತ್ತಾರನೇ ನಂಬರಿನ ಅಂಗಿ

ಸಂದುಗಾಶಳ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿದ್ದಾಗಲೇ ಬಾಗಿಲ ಗಂಟೆ ಬಾರಿಸಿತು. ಅದರ ಅಭ್ಯಾಸವೇ ಹಾಗೆ. ಅವಳು ಖಾಲಿ ಕೈಯಲ್ಲಿ ಕೂತಿದ್ದಾಗ ಆ ಗಂಟೆ ಒಮ್ಮೆಯೂ ಬಾರಿಸಿದ್ದಿಲ್ಲ. ಅವಳು ಖಾಲಿ ಕೈಯಲ್ಲಿ ಕೂತಿದ್ದೂ ಇಲ್ಲ, ಅದು ಬೇರೆ ಮಾತು.

"ಯಾರೂ?"

"ನಾನೇ ಕಣೆ, ನೈಲ್ಯಾ! ಫೋನ್ ಕೊಡು, ಪಾರ್ಸೆಲ್ ಬಂದಿದೆ!"

ನೈಲ್ಯಾ ಎದುರು ಮನೆಯ ನಿವೃತ್ತ ಮೇಷ್ಟ್ರಮ್ಮ. ಮೂವತ್ತೈದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ಗಂಟಲು. ಗುಟ್ಟು ಹೇಳಿದರೂ ಕೊನೆಯ ಬೆಂಚಿಗೆ ಕೇಳಿಸುತ್ತಿತ್ತು.

"ಮೇಷ್ಟ್ರಮ್ಮ, ಇವತ್ತು ಒಂದು ದಿನ ಬಿಟ್ಟುಬಿಡಿ. ಅತ್ತೆ ಬರ್ತಿದಾರೆ, ಇನ್ನೂ ಬೌರ್ಸಾಕ್ ಕರಿದಿಲ್ಲ..."

"ನಾನೇನು ನಿನ್ನ ಕೈ ಹಿಡ್ಕೊಂಡ್ನಾ? ಇಂಕಾರ್‌ನ ಕಳಿಸು, ಸಾಕು."

ಏಳು ವರ್ಷದ ಇಂಕಾರ್ ಆಗಲೇ ಫೋನ್ ಹಿಡಿದು ಚಪ್ಪಲಿ ಮೆಟ್ಟಿದ್ದಳು. ಕೆಳಗಿನ ಪಾರ್ಸೆಲ್ ಅಂಗಡಿಗೆ ವಾರಕ್ಕೆ ನಾಲ್ಕು ಸಲ ಇಳಿದು ಹತ್ತುವುದು ಅವಳ ಕೆಲಸ. ಫೋನಿನಲ್ಲಿ ಕೋಡ್ ತೋರಿಸಿದರೆ ಅಂಗಡಿಯ ಹುಡುಗಿ ಪಾರ್ಸೆಲ್ ಕೊಡುತ್ತಾಳೆ. ಆದರೆ ಬಾಗಿಲ ಹತ್ತಿರ ನಿಂತು ಹಿಂದಿರುಗಿದಳು.

"ಅಮ್ಮಾ, ಒಂದು ಮಾತು ಕೇಳ್ಲಾ?"

"ಆಮೇಲೆ ಕಂದಾ."

"ಆಮೇಲೆ ಅಂದ್ರೆ ಯಾವಾಗ?"

"ಹಿಟ್ಟು ಉಬ್ಬಿದ ಮೇಲೆ."

ಈ ಎಲ್ಲ ರಗಳೆಗೆ ಕಾರಣ ಒಂದು ರಿಯಾಯಿತಿ. ಇಂಕಾರ್ ಹುಟ್ಟಿದಾಗ ಡಯಪರ್ ತರಿಸಲೆಂದು ಸಂದುಗಾಶ್ ಆನ್‌ಲೈನ್ ಅಂಗಡಿಯಲ್ಲಿ ಖಾತೆ ತೆರೆದಿದ್ದಳು. ಹೆಚ್ಚು ತರಿಸಿದಷ್ಟೂ ಹೆಚ್ಚು ರಿಯಾಯಿತಿ ಎಂಬುದು ಆ ಅಂಗಡಿಯ ಪದ್ಧತಿ. ಡಯಪರ್ ತರಿಸಿ ತರಿಸಿ ಅವಳ ರಿಯಾಯಿತಿ ಮೂವತ್ತು ಪರ್ಸೆಂಟಿಗೆ ಏರಿತು. ಆ ಸುದ್ದಿ ಒಂದೇ ಮೆಟ್ಟಿಲು ಹಂಚಿಕೊಂಡ ಹದಿನೈದು ಮನೆಗೂ ಹಬ್ಬಿತು. ಮೂವತ್ತು ಪರ್ಸೆಂಟ್ ಕಣ್ಣೆದುರೇ ಇರುವಾಗ ಬೇರೆ ಖಾತೆ ತೆರೆಯಲು ಯಾರಿಗೆ ತಲೆ ಕೆಟ್ಟಿದೆ? ಮೇಷ್ಟ್ರಮ್ಮ ಬಂದರು, ಕೆಳಮನೆಯ ಟ್ಯಾಕ್ಸಿ ತೊಲೆಗೆನ್ ಬಂದ, ಮೂರನೇ ಮಹಡಿಯ ಗುಲ್ಜಾನ್ ಬಂದಳು. ಪ್ರತಿಯೊಬ್ಬರೂ ತರಿಸಬೇಕಾದ್ದನ್ನು ಅವಳ ಕಿವಿಯಲ್ಲಿ ಪಿಸುಗುಟ್ಟಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ಯಾರಿಗೂ ಹೇಳ್ಬೇಡ, ಆಣೆ."

ಸಂದುಗಾಶ್ ಆಣೆ ಇಟ್ಟಳು. ಏಳು ವರ್ಷದಲ್ಲಿ ಎಷ್ಟು ಆಣೆ ಇಟ್ಟಳೋ ಲೆಕ್ಕವಿಲ್ಲ. ಹದಿನೈದು ಮನೆಯ ಗುಟ್ಟುಗಳನ್ನು ತುಂಬಿಕೊಂಡು ಅವಳ ಫೋನು ಬಸುರಿ ಕುರಿಯ ಹಾಗೆ ಏದುಸಿರು ಬಿಡುತ್ತಿತ್ತು.

ಇಂಕಾರ್ ಹಿಂದಿರುಗಿದಾಗ ಮೇಷ್ಟ್ರಮ್ಮನ ಪೊಟ್ಟಣದ ಜೊತೆ ಇನ್ನೊಂದು ಪೊಟ್ಟಣವೂ ಇತ್ತು. ಸಂದುಗಾಶ್ ಕೈ ತೊಳೆದು ಅದನ್ನು ಬಿಚ್ಚಿದಳು. ತಲೆಗೆ ಮುಡಿಯುವ ದೊಡ್ಡ ಬಿಳಿ ರಿಬ್ಬನ್ ಹೂಗಳು, ಎರಡು. ಸೆಪ್ಟೆಂಬರ್ ಒಂದರಂದು ಒಂದನೇ ಕ್ಲಾಸಿಗೆ ಹೋಗುವ ಹುಡುಗಿಯರು ಮುಡಿಯುವಂಥವು. ಮಗಳ ತಲೆಯ ಮೇಲೆ ಇಟ್ಟು ನೋಡಿದಳು. ಎರಡು ಬಿಳಿ ಪಾರಿವಾಳ ಕೂತ ಹಾಗಿತ್ತು.

ಅವಳ ಎದೆಯಲ್ಲಿ ಕೂತಿದ್ದು ಮಾತ್ರ ಅತ್ತೆ, ಅವಳು ಅಪಾ ಎಂದು ಕರೆಯುವ ಬಾತಿಮಾ. ಮೊದಲ ಮೊಮ್ಮಗು ಅಜ್ಜಿಯ ಪಾಲು ಎನ್ನುವುದು ಬಾತಿಮಾ ಅಪಾ ಕಂಡುಬಂದ ಪದ್ಧತಿ. ಸಂದುಗಾಶಳ ಗಂಡ ದೌರೆನ್ ಬೆಳೆದದ್ದೂ ಅವನ ಅಜ್ಜಿಯ ಮಡಿಲಲ್ಲೇ. "ಇಂಕಾರ್ ನನ್ನ ಹತ್ರ ಹಳ್ಳಿ ಶಾಲೆಗೆ ಹೋಗ್ತಾಳೆ" ಎಂದು ಅವರು ಮೂರು ವರ್ಷದಿಂದ ಹೇಳುತ್ತಿದ್ದರು. ಸಂದುಗಾಶ್ ಮೂರು ವರ್ಷದಿಂದ "ನೋಡೋಣ ಅಪಾ" ಎನ್ನುತ್ತಿದ್ದಳು. ಇವತ್ತು ಅಡ್ಡಗೋಡೆಯ ಮೇಲಿನ ದೀಪ ಇಳಿಸಿ, ಮಗು ಇಲ್ಲೇ ತರಾಜ್ ಪಟ್ಟಣದಲ್ಲಿ ತನ್ನ ಹತ್ತಿರವೇ ಓದುತ್ತದೆ ಎಂದು ಹೇಳಿಬಿಡಬೇಕು. ನೆಂಟರೆದುರು ಹೇಳಿದರೆ ಅಪಾ ಕೂಗಾಡುವುದಿಲ್ಲ. ರಾತ್ರಿಯೆಲ್ಲ ಆ ಒಂದು ವಾಕ್ಯವನ್ನು ಅವಳು ಹಿಟ್ಟಿಗಿಂತ ಹೆಚ್ಚು ನಾದಿದ್ದಳು.

ಹನ್ನೊಂದಕ್ಕೆ ಬರುತ್ತೇನೆಂದ ಬಾತಿಮಾ ಅಪಾ ಹತ್ತಕ್ಕೇ ಬಂದರು. ಜೊತೆಗೆ ದೌರೆನ್‌ನ ಅಕ್ಕ ಕುಲ್ಯಾಶ್. ಅಪಾ ಒಂದು ಡಬ್ಬಿ ಜೇನುತುಪ್ಪ ಕೆಳಗಿಟ್ಟರು.

"ಮತ್ತೆ ಜೇನಾ ಅಪಾ? ಹೋದ ಸಲದ್ದೇ ಇನ್ನೂ ಇದೆ."

"ಇರ್ಲಿ ಬಿಡು. ಪಕ್ಕದ ಬೀದೀಲಿ ಒಬ್ಬ ಮುದುಕ ಸಾಕಿದಾನೆ. ಬೇಡ ಅಂದ್ರೂ ಕೇಳಲ್ಲ, ತಂದಿಟ್ಟು ಹೋಗ್ತಾನೆ."

"ಅಜ್ಜೀ," ಇಂಕಾರ್ ಸೆರಗು ಜಗ್ಗಿದ ಹಾಗೆ ಅವರ ತಲೆವಸ್ತ್ರದ ಅಂಚು ಜಗ್ಗಿದಳು, "ಅಜ್ಜೀ, ಒಂದು ಮಾತು..."

ಅಪಾ ಜೇಬಿನಿಂದ ಒಂದು ಒಣ ಮೊಸರಿನ ಉಂಡೆ ತೆಗೆದು ಮೊಮ್ಮಗಳ ಬಾಯಿಗಿಟ್ಟರು. ಕಲ್ಲಿನಂಥ ಉಂಡೆ. ಅದು ಕರಗಲು ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಯಾವ ಮಗುವೂ ಮಾತಾಡಿದ್ದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಇವತ್ತಿನ ಸಂಭ್ರಮ ಚಿಕ್ಕ ಮಗನದು. ಒಂದು ವರ್ಷದ ಅಲ್ದಿಯಾರ್ ಹೆಜ್ಜೆ ಇಡಲು ಶುರು ಮಾಡಿದ್ದ. ಅವನ ಎರಡು ಕಾಲಿಗೂ ಸೇರಿಸಿ ಕಪ್ಪು-ಬಿಳಿ ಹೊಸೆದ ದಾರ ಕಟ್ಟಿ, ಅದನ್ನು ಕತ್ತರಿಸಿ, ನಡೆಸಬೇಕು. ಕತ್ತರಿಸಿದವರ ನಡೆ-ನುಡಿ ಮಗುವಿಗೆ ಬರುತ್ತದೆ. ಕತ್ತರಿ ಹಿಡಿಯುವ ಮರ್ಯಾದೆ ಮೇಷ್ಟ್ರಮ್ಮನಿಗೆ ಸಂದಿತ್ತು. ಅದಕ್ಕಾಗಿ ಅವರು ಬೆಳಿಗ್ಗೆಯಿಂದ ಯಾರ ಬಗ್ಗೆಯೂ ಕೆಟ್ಟ ಮಾತಾಡದೆ ಸುಸ್ತಾಗಿದ್ದರು.

ಮೊದಲು ಟೀ. ಎಲ್ಲರೂ ನೆಲದ ಮೇಲಿನ ಊಟದ ಹಾಸಿನ ಸುತ್ತ ಕೂತರು. ಸಂದುಗಾಶ್ ನಾಲಿಗೆಯ ತುದಿಗೆ ಆ ವಾಕ್ಯವನ್ನು ತಂದುಕೊಂಡು ಬೌರ್ಸಾಕ್ ತಟ್ಟೆ ಹಿಡಿದು ಬರುತ್ತಿದ್ದಳು. ಅಷ್ಟರಲ್ಲಿ ಕುಲ್ಯಾಶ್, ಮಗುವಿನ ಫೋಟೋ ತೆಗೆಯಲೆಂದು ಸಂದುಗಾಶಳ ಫೋನ್ ಎತ್ತಿಕೊಂಡಳು. ಬೆಳಿಗ್ಗೆ ಇಂಕಾರ್ ಕೋಡ್ ತೋರಿಸಿದ ಪುಟ ಹಾಗೇ ತೆರೆದಿತ್ತು.

"ಅಯ್ಯೋ, ಇದೇನಿದು? 'ನಮ್ಮೊಂದಿಗೆ ನಿಮ್ಮ ಏಳು ವರ್ಷ. ನಿಮ್ಮ ಖರೀದಿಗಳು ಒಂಬೈನೂರ ಹನ್ನೆರಡು.' ಒಂಬೈನೂರ ಹನ್ನೆರಡಾ!"

ಸಂದುಗಾಶಳ ಕೈಯಿಂದ ಎರಡು ಬೌರ್ಸಾಕ್ ಉರುಳಿದವು. "ಅಕ್ಕಾ, ಕೊಡಿ ಇಲ್ಲಿ, ಚಾರ್ಜ್ ಇಲ್ಲ ಅದರಲ್ಲಿ..."

"ಎಂಬತ್ತು ಪರ್ಸೆಂಟ್ ಇದೆ. ಕೂತ್ಕೊಳ್ಳೆ. ನನ್ನ ತಮ್ಮ ದುಡಿದು ದುಡಿದು ಯಾಕೆ ಹೀಗೆ ಸೊರಗಿದಾನೆ ಅಂತ ಇವತ್ತು ಗೊತ್ತಾಗ್ಲಿ."

ದೌರೆನ್ ಸೊರಗಿದವನಲ್ಲ, ಹುಟ್ಟಿದ್ದೇ ಹಾಗೆ. ಟೀ ನೀರು ಕಾಯಿಸುವ ಸಮೋವರಿನ ಕೊಳವೆಗೆ ಅಂಗಿ ತೊಡಿಸಿದ ಹಾಗಿದ್ದ. ಅವನು ಅಕ್ಕನನ್ನೂ ಹೆಂಡತಿಯನ್ನೂ ನೋಡಿ, ಇಬ್ಬರಿಗಿಂತ ಕ್ಷೇಮವಾಗಿ ಕಂಡ ಟೀ ಬಟ್ಟಲನ್ನು ನೋಡತೊಡಗಿದ.

"'ಗಂಡಸರ ಮೀಸೆಗೆ ಕಪ್ಪು ಬಣ್ಣ, ನಾಲ್ಕು ಡಬ್ಬಿ.'" ಕುಲ್ಯಾಶ್ ತಲೆ ಎತ್ತಿದಳು. "ದೌರೆನ್‌ಗೆ ಮೀಸೆ ಎಲ್ಲಿದೆ?"

ಸುಟ್ಟ ಬಾಣಲೆಯ ತಳದಂತೆ ಮಿರುಗುವ ಮೀಸೆಯನ್ನು ತೊಲೆಗೆನ್ ಮೆಲ್ಲಗೆ ಟೀ ಬಟ್ಟಲಲ್ಲಿ ಮುಳುಗಿಸಿದ. ಬಟ್ಟಲ ಮೇಲಿಂದ ಅವನ ಕಣ್ಣು ಸಂದುಗಾಶಳಿಗೆ ಕೈ ಮುಗಿಯುತ್ತಿತ್ತು.

"ಅದು... ನನ್ನ ಹುಬ್ಬಿಗೆ ಅಕ್ಕಾ."

"ನಾಲ್ಕು ಡಬ್ಬೀನಾ?"

"ಎರಡು ಹುಬ್ಬು ಅಲ್ವಾ."

"ಹೂಂ. 'ಕಟ್ಟಿಸಿದ ಹಲ್ಲು ಅಂಟಿಸುವ ಪೇಸ್ಟು.'"

ಸಕ್ಕರೆ ಹರಳು ಕಡಿಯುತ್ತಿದ್ದ ಮೇಷ್ಟ್ರಮ್ಮನ ದವಡೆ ಇದ್ದಲ್ಲೇ ನಿಂತಿತು. ಅವರ ಇಡೀ ಜೀವನದಲ್ಲಿ ಅಷ್ಟು ಹೊತ್ತು ಅವರ ಬಾಯಿ ನಿಂತಿದ್ದು ಅದೇ ಮೊದಲು.

"ಟೀಪಾಟಿನ ಮೂತಿ ಮುರಿದಿತ್ತು," ಸಂದುಗಾಶ್ ಹೇಳಿದಳು. "ಅದನ್ನ ಅಂಟಿಸೋಕೆ."

ಅದೇ ಟೀಪಾಟಿನಿಂದ ಮೂರನೇ ಬಟ್ಟಲು ಬಗ್ಗಿಸಿಕೊಂಡಿದ್ದ ಕುಲ್ಯಾಶ್, ತನ್ನ ಬಟ್ಟಲನ್ನು ದೂರ ತಳ್ಳಿದಳು. "'ಹೊಟ್ಟೆ ಬಿಗಿಯುವ ಪಟ್ಟಿ, ಅತಿ ದೊಡ್ಡ ಅಳತೆ.' ಇದೂ ನಿನ್ನದೇ ಏನು? ನೀನು ಪೊರಕೆ ಕಡ್ಡಿ ಇದ್ದ ಹಾಗಿದೀಯ!"

ಗುಲ್ಜಾನ್ ಉಸಿರು ಬಿಗಿಹಿಡಿದಳು. ಪಟ್ಟಿ ಆಗಲೇ ಬಿಗಿದಿದ್ದರಿಂದ ಹಿಡಿಯಲು ಹೆಚ್ಚು ಉಸಿರೂ ಇರಲಿಲ್ಲ.

"ತೊಟ್ಟಿಲು ಅಲ್ಲಾಡ್ತಿತ್ತು ಅಕ್ಕಾ. ಅದನ್ನ ಗೋಡೆಗೆ ಕಟ್ಟೋಕೆ."

"ತೊಟ್ಟಿಲು ಇರೋದೇ ಅಲ್ಲಾಡೋಕೆ ಕಣೆ!"

ನೆರೆಹೊರೆಯವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಒಬ್ಬರಾದರೂ ಬಾಯಿ ಬಿಟ್ಟು "ಅದು ನನ್ನದು" ಎನ್ನಲಿಲ್ಲ. ಬಾತಿಮಾ ಅಪಾ ಮಾತ್ರ ಸೊಸೆಯನ್ನು ಒಂದೇ ಸಮನೆ ನೋಡುತ್ತಿದ್ದರು. ಹುಬ್ಬಿಗೆ ಮೀಸೆಬಣ್ಣ, ಟೀಗೆ ಹಲ್ಲಿನ ಅಂಟು, ಅಲ್ಲಾಡದ ತೊಟ್ಟಿಲು! ಇಂಥ ಮನೆಯಲ್ಲಿ ಮೊಮ್ಮಗಳನ್ನು ಬಿಡುವುದು ಹೇಗೆ ಎಂದು ಅವರ ಮುಖದ ಮೇಲೆ ಬರೆದಿತ್ತು.

"'ಶಾಲೆಗೆ ಬಿಳಿ ರಿಬ್ಬನ್ ಹೂ, ಒಂದು ಜೊತೆ.' ಇದು?"

"ಅದು ನನ್ನದು. ಇಂಕಾರ್‌ಗೆ," ಎಂದಳು ಸಂದುಗಾಶ್. ಅಷ್ಟು ಹೊತ್ತಿಗೆ ಅವಳು ಹೇಳಿದ ಮೊದಲ ನಿಜ. ಅದನ್ನು ಹೇಳುವಾಗಲೇ ಅವಳ ದನಿ ನಡುಗಿತು.

"ಅಮ್ಮಾ, ಒಂದು ಮಾತು..." ಎಂದಳು ಇಂಕಾರ್. ಅಜ್ಜಿಯ ಜೇಬಿನಿಂದ ಇನ್ನೊಂದು ಉಂಡೆ ಬಂತು.

ಕುಲ್ಯಾಶ್ ಬೆರಳು ಸರಿಸುತ್ತಾ ಹೋದವಳು ತಟ್ಟನೆ ನಿಂತಳು. ಅವಳ ದನಿ ಇಳಿಯಿತು. ಕೂಗುವ ಹೆಂಗಸಿನ ದನಿ ಇಳಿದರೆ ಅದಕ್ಕಿಂತ ಅಪಾಯ ಬೇರೆ ಇಲ್ಲ.

"'ಗಂಡಸರ ಅಂಗಿ. ನೀಲಿ, ಕಾಲರಿಗೆ ಕಸೂತಿ. ಐವತ್ತಾರನೇ ನಂಬರು.'"

ಎಲ್ಲರೂ ದೌರೆನ್‌ನತ್ತ ನೋಡಿದರು. ದೌರೆನ್ ತೊಡುವುದು ನಲವತ್ತೆಂಟು. ಐವತ್ತಾರರ ಅಂಗಿಯಲ್ಲಿ ಅವನ ಜೊತೆ ಇನ್ನೊಬ್ಬ ದೌರೆನ್ ಬಾಡಿಗೆಗೆ ಇರಬಹುದಿತ್ತು.

"ಕೆಳಗೆ ಅಭಿಪ್ರಾಯ ಬೇರೆ ಬರೆದಿದೀಯ. 'ಅಂಗಿ ತುಂಬಾ ಚೆನ್ನಾಗಿದೆ. ಅವರ ಕಣ್ಣಿನ ಬಣ್ಣಕ್ಕೆ ಒಪ್ಪುತ್ತೆ. ಭುಜ ಅಗಲ ಇರೋರಿಗೆ ಹೇಳಿ ಮಾಡಿಸಿದ್ದು.' ಯಾರ ಕಣ್ಣೇ? ಯಾರ ಭುಜ?"

ಸಂದುಗಾಶ್ ತೊಲೆಗೆನ್‌ನನ್ನು ನೋಡಿದಳು. ಅವನು ತಲೆ ಅಲ್ಲಾಡಿಸಿದ. ಮೇಷ್ಟ್ರಮ್ಮನನ್ನು ನೋಡಿದಳು, ಗುಲ್ಜಾನಳನ್ನು ನೋಡಿದಳು. ಅವರೂ ಇಲ್ಲವೆಂದರು. ಒಂಬೈನೂರ ಹನ್ನೆರಡರಲ್ಲಿ ಈ ಒಂದು ಅಂಗಿ ಯಾರದೆಂದು ಅವಳಿಗೆ ದೇವರಾಣೆ ಗೊತ್ತಿರಲಿಲ್ಲ. ಇಷ್ಟು ಹೊತ್ತು ಸುಳ್ಳು ಹೇಳಿದಾಗ ನಂಬಿದವರಲ್ಲಿ "ನಂಗೊತ್ತಿಲ್ಲ ಅಕ್ಕಾ" ಎಂಬ ನಿಜವನ್ನು ಯಾರೂ ನಂಬಲಿಲ್ಲ.

"ಸಂದುಗಾಶ್," ಎಂದ ದೌರೆನ್. ಅಷ್ಟೇ. ತನ್ನ ಭುಜಗಳನ್ನು ಒಮ್ಮೆ ಬಗ್ಗಿ ನೋಡಿಕೊಂಡ, ಅವು ಎಲ್ಲಿ ಮುಗಿಯುತ್ತವೆ ಎಂದು ಹುಡುಕುವವನಂತೆ.

"ಸಾಕು ನಿಲ್ಸು!"

ಬಾತಿಮಾ ಅಪಾ ಬಟ್ಟಲನ್ನು ಠಣ್ಣೆಂದು ಇಟ್ಟರು. "ಆ ಅಂಗಿ ನಾನು ಹೇಳಿ ತರಿಸಿದ್ದು. ಬೀಗರಿಗೆ ಉಡುಗೊರೆ ಕೊಡೋಕೆ."

"ಯಾವ ಬೀಗರಮ್ಮಾ? ಅಷ್ಟು ದಪ್ಪ ಬೀಗರು ನಮಗೆ ಎಲ್ಲಿದಾರೆ?"

"ಇಲ್ದಿದ್ರೆ ಮುಂದೆ ಆಗ್ತಾರೆ. ನೀನು ನನ್ನ ಹೆತ್ತೆಯೋ, ನಾನು ನಿನ್ನ ಹೆತ್ತೆನೋ? ಟೀ ಕುಡಿ."

"ಮತ್ತೆ ಆ ಕಣ್ಣಿನ ಬಣ್ಣ..."

"ಅದನ್ನೂ ನಾನೇ ಹೇಳಿ ಬರೆಸಿದ್ದು! ಅಂಗಡಿಯೋರಿಗೆ ನಾಲ್ಕು ಒಳ್ಳೆ ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಕುಲ್ಯಾಶ್ ಫೋನ್ ಕೆಳಗಿಟ್ಟಳು. ದೌರೆನ್‌ನ ಭುಜ ಎರಡಂಗುಲ ಅಗಲವಾಯಿತು.

ಸಂದುಗಾಶ್ ಮಾತ್ರ ನಿಂತಲ್ಲೇ ಕರಗಿಹೋದಳು. ಅಪಾ ತನಗೆ ಯಾವ ಅಂಗಿಯನ್ನೂ ತರಿಸಲು ಹೇಳಿರಲಿಲ್ಲ. ಅದು ಅವರಿಗೂ ಗೊತ್ತು, ತನಗೂ ಗೊತ್ತು. ಎಪ್ಪತ್ತರ ಹತ್ತಿರದ ಈ ಹೆಂಗಸು, ಐದು ಹೊತ್ತು ನಮಾಜು ಬಿಡದವರು, ಸೊಸೆಯ ಮಾನ ಉಳಿಸಲು ಹೆತ್ತ ಮಗಳ ಮುಖಕ್ಕೇ ಸುಳ್ಳು ಹೇಳಿದರಲ್ಲ! ತಾನೋ ಮೂರು ವರ್ಷದಿಂದ ಇಂಥ ಜೀವಕ್ಕೆ "ನೋಡೋಣ, ನೋಡೋಣ" ಎಂದು ಮಗುವನ್ನು ಬಚ್ಚಿಡುತ್ತಿದ್ದೇನೆ. ರಾತ್ರಿಯೆಲ್ಲ ನಾದಿದ ವಾಕ್ಯ ಬಾಯಿಂದ ಹೊರಬಂತು, ತಲೆಕೆಳಗಾಗಿ.

"ಅಪಾ, ಸೆಪ್ಟೆಂಬರಿಂದ ಇಂಕಾರ್ ನಿಮ್ಮ ಹತ್ರಾನೇ ಇರ್ಲಿ. ಹಳ್ಳಿ ಶಾಲೇಲೇ ಓದ್ಲಿ."

ಅಪಾ ಗಲಿಬಿಲಿಗೊಂಡರು. ಬೇಡವೆನ್ನಲು ಬಾಯಿ ತೆರೆದ ಹಾಗೂ ಇತ್ತು. ಆದರೆ ಅಷ್ಟರಲ್ಲಿ ಮೇಷ್ಟ್ರಮ್ಮ "ಭಲೇ, ಸೊಸೆ ಅಂದ್ರೆ ಹೀಗಿರ್ಬೇಕು!" ಎಂದು ಇಡೀ ಕ್ಲಾಸಿಗೆ ಕೇಳಿಸುವಂತೆ ಕೂಗಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಲ್ಜಾನ್ ಪಟ್ಟಿ ಅನುಮತಿಸಿದಷ್ಟು ಬಾಗಿ ಸಂದುಗಾಶಳನ್ನು ತಬ್ಬಿಕೊಂಡಳು.

ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿದರು. ಅಪಾ ಬಗ್ಗಿ ಆ ಪುಟ್ಟ ಕಾಲುಗಳಿಗೆ ದಾರ ಕಟ್ಟಿದರು.

"ಕಪ್ಪೂ ಬಿಳಿಯೂ ಹೊಸೆದ ದಾರ ಇದು. ನಿಜ ಸುಳ್ಳು ಬೇರೆ ಮಾಡೋ ಬುದ್ಧಿ ನಮ್ಮ ಅಲ್ದಿಯಾರ್‌ಗೆ ಬರ್ಲಿ. ಈ ದಾರದ ಮುಂದೆ ಕೊಟ್ಟ ಮಾತು ಯಾರೂ ದಾಟೋ ಹಾಗಿಲ್ಲ," ಎಂದು ಹೇಳುವಾಗ ಯಾಕೋ ಅವರು ಯಾರ ಮುಖವನ್ನೂ ನೋಡಲಿಲ್ಲ.

ಮೇಷ್ಟ್ರಮ್ಮ ಕತ್ತರಿ ಹಿಡಿದು ಮಂಡಿಯೂರಿದರು. ಎಲ್ಲರೂ ಮುಂದಕ್ಕೆ ಬಾಗಿದರು. ಸಮೋವರೂ ಉಸಿರು ಹಿಡಿದ ಹಾಗಿತ್ತು.

"ಅಮ್ಮಾ, ಹಿಟ್ಟು ಉಬ್ಬಿ, ಕರಿದು, ಎಲ್ಲಾ ತಿಂದೂ ಆಯ್ತು," ಎಂದಳು ಇಂಕಾರ್. "ಈಗ್ಲಾದ್ರೂ ಕೇಳ್ಲಾ?"

ಬಾತಿಮಾ ಅಪಾ ಲಗುಬಗೆಯಿಂದ ಜೇಬಿಗೆ ಕೈ ಹಾಕಿದರು. ಒಂದು ಜೇಬು ತಡಕಿದರು, ಇನ್ನೊಂದು ತಡಕಿದರು. ಉಂಡೆ ಮುಗಿದಿತ್ತು.

ಸೆಪ್ಟೆಂಬರಿನಿಂದ ಈ ದನಿ ಮನೆಯಲ್ಲಿರುವುದಿಲ್ಲವಲ್ಲ ಎಂದು ನೆನೆದು ಸಂದುಗಾಶ್ ಮಗಳ ತಲೆ ಸವರಿದಳು. "ಕೇಳು ಕಂದಾ. ಏನು ಬೇಕಾದ್ರೂ ಕೇಳು."

"ದಿನಾ ಸಾಯಂಕಾಲ ಅಜ್ಜಿ ವಿಡಿಯೋ ಕಾಲ್ ಮಾಡಿದಾಗ ಫೋನಲ್ಲಿ ಅಜ್ಜಿ ಹಿಂದೆ ಕೂತು ಟೀ ಕುಡೀತಾರಲ್ಲ ಜೇನು ಸಾಕೋರು, ಅವರಿಗೆ ಅಂತ ಅಜ್ಜಿ ನನ್ನ ಕೈಲಿ ಆ ನೀಲಿ ಅಂಗಿ ತರಿಸಿದ್ರಲ್ಲ... ನಾನು ಹಳ್ಳಿಗೆ ಹೋದ್ಮೇಲೆ ಅವರನ್ನ ಏನಂತ ಕರೀಬೇಕಮ್ಮಾ, ತಾತ ಅಂತಾನಾ?"