ರ‍್ಯಾಕೆಟ್ ತಟ್ಟುವ ಕಾಕಾ

ಸಾಕ್ಷಾತ್ ಬ್ರಹ್ಮದೇವರೇ ಪ್ರತ್ಯಕ್ಷರಾಗಿ "ಏನು ವರ ಬೇಕು, ಕೇಳು" ಎಂದರೂ ನಮ್ಮ ಕಾಕಾ ವರ ಕೇಳುವವರಲ್ಲ. ಮೊದಲು ನಾಲ್ಕೂ ತಲೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಒಂದರ ಸಪ್ಪಳ ಬೇರೆ ಬಂತೋ, ಮುಗಿಯಿತು. "ಇದು ಕಂಪನಿ ಮಾಲ್ ಅಲ್ರಿ" ಎಂದು ದೇವರನ್ನೇ ವಾಪಸ್ ಕಳಿಸಿಬಿಡುತ್ತಾರೆ!

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಗಂಗಾವತಿಯಲ್ಲಿ ಭತ್ತದ ದಲ್ಲಾಳಿ. ಅದೇ ಊರಿನ ಬ್ಯಾಂಕಿನಲ್ಲಿ ನನಗೆ ನೌಕರಿ ಸಿಕ್ಕಾಗ ಅವರ ಮನೆಯ ಮಹಡಿಯ ಕೋಣೆ ನನ್ನದಾಯಿತು. ಅವರ ಹೆಂಡತಿ ಕಾಕು ಮಾಡಿದ ಊಟ, ಕಾಕಾ ಮಾಡುವ ಉಪದೇಶ, ಎರಡೂ ಪುಕ್ಕಟೆ. ಬೆಳಿಗ್ಗೆ ಏಳಲು ಮೊಬೈಲಿನ ಅಲಾರಂ ಕೂಡ ಬೇಕಿರಲಿಲ್ಲ. ಕೆಳಗೆ ಅಡಿಗೆಮನೆಯ ಕಟ್ಟೆಯ ಮೇಲೆ ಕಾಕು ಮೊರದಲ್ಲಿ ಅಕ್ಕಿಯ ಹರಳು ಆರಿಸುತ್ತ, ತವರೂರು ಕನಕಗಿರಿಯಲ್ಲಿ ಕಲಿತ ಬೀಸುವ ಕಲ್ಲಿನ ಪದವೊಂದನ್ನು ಗುನುಗುತ್ತಿದ್ದರು. ಬಾಯಿ ಬಿಟ್ಟು ಹಾಡಿದವರಲ್ಲ, ಹಾಡು ಎಂದರೆ ನಾಚಿ ಎದ್ದು ಹೋಗುವವರು. ಆ ಗುನುಗು ಕಿವಿಗೆ ಬಿದ್ದರೆ ನನಗೆ ಎಚ್ಚರ.

ಕಾಕಾರಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ನಡೆಯಲು ಹೇಳಿದರು. ವ್ಯಾಪಾರವಿಲ್ಲದೆ ಸುಮ್ಮನೆ ನಡೆಯುವುದು ಎಂದರೆ ದಲ್ಲಾಳಿಗೆ ಶಿಕ್ಷೆಯಲ್ಲವೇ? ಹಾಗಾಗಿ ಬ್ಯಾಡ್ಮಿಂಟನ್ ಅಂಗಳಕ್ಕೆ ಹೋದರು. ಆಟ ಅಷ್ಟಕ್ಕಷ್ಟೇ. ಶಟಲ್ ಇವರ ಬಲಕ್ಕೆ ಬಂದರೆ ಇವರು ಎಡಕ್ಕೆ. ಆದರೆ ರ‍್ಯಾಕೆಟ್ ಪರೀಕ್ಷೆಯಲ್ಲಿ ಇಡೀ ಗಂಗಾವತಿಗೆ ಅವರೇ ಹೈಕೋರ್ಟ್. ಪೇಟೆಯಲ್ಲಿ ದೊಡ್ಡ ಕಂಪನಿಗಳ ಹೆಸರು ಹೊತ್ತ ನಕಲಿ ರ‍್ಯಾಕೆಟ್‌ಗಳು ಭತ್ತದಲ್ಲಿ ಜೊಳ್ಳು ಸೇರಿದಂತೆ ಸೇರಿಕೊಂಡಿದ್ದವು. ಜೊಳ್ಳು ಕಂಡರೆ ಕಾಕಾ ಬಿಡುತ್ತಾರೆಯೇ?

ಮೊದಲು ಹೊಳೆಯುವ ಸ್ಟಿಕರನ್ನು ಬಿಸಿಲಿಗೆ ಓರೆ ಹಿಡಿಯುತ್ತಾರೆ. ಆಮೇಲೆ ಕೋಲಿನ ಮೇಲಿನ ನಂಬರಿನ ಮೇಲೆ ಉಗುರು ಆಡಿಸುತ್ತಾರೆ. ಕೊರೆದ ನಂಬರು ಉಗುರಿಗೆ ಸಿಗಬೇಕು, ಬರೀ ಅಚ್ಚು ಒತ್ತಿದ್ದರೆ ಜಾರಿಬಿಡುತ್ತದೆ. ಹಿಡಿಕೆಯನ್ನು ಮೂಸಿ ಅಂಟಿನ ವಾಸನೆ ನೋಡುತ್ತಾರೆ. ಕೊನೆಗೆ ಕಿವಿಯ ಹತ್ತಿರ ಹಿಡಿದು ಚೌಕಟ್ಟನ್ನು ಒಮ್ಮೆ ತಟ್ಟುತ್ತಾರೆ. ಅಸಲಿಯಾದರೆ ಸಣ್ಣಗೆ, ಉದ್ದಕ್ಕೆ 'ಟಿಣ್' ಎನ್ನುತ್ತದಂತೆ. ನಕಲಿಯಾದರೆ 'ಡಬ್' ಎಂದು ಅಲ್ಲೇ ಸಾಯುತ್ತದಂತೆ.

"ಸ್ಟಿಕರ್ ಸುಳ್ಳ ಹೇಳ್ತೈತಿ, ನಂಬರ್ ಸುಳ್ಳ ಹೇಳ್ತಾವು. ಸಪ್ಪಳ ಮಾತ್ರ ಸುಳ್ಳ ಹೇಳಂಗಿಲ್ಲ ನೋಡವಾ" ಎನ್ನುತ್ತಿದ್ದರು ನನಗೆ.

ಒಮ್ಮೆ ವಕೀಲರೊಬ್ಬರ ರ‍್ಯಾಕೆಟ್ ಪರೀಕ್ಷಿಸುವಾಗ, ಭತ್ತದ ಕಾಳು ಕಚ್ಚಿ ನೋಡುವ ರೂಢಿಯಲ್ಲಿ ಹಿಡಿಕೆಯನ್ನೇ ಕಚ್ಚಿಬಿಟ್ಟರು. ವಕೀಲರು ಗಾಬರಿ.

"ಕಾಕಾರ, ಅದಕ್ಕ ನನ್ನ ಬೆವರು ಹತ್ತೇತ್ರಿ."

ಕಾಕಾ ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು. "ಬೆವರು ಅಸಲಿ ಐತಿ. ರ‍್ಯಾಕೆಟ್ ನಕಲಿ."

ಕುಷ್ಟಗಿಯ ಸಂಬಂಧಿಕರ ಮಗಳಿಗೆ ವರ ನೋಡಲು ಹೋದಾಗಿನ ಕತೆ ಇನ್ನೂ ಚೆಂದ. ಎಲ್ಲರೂ ಹುಡುಗನ ಸಂಬಳ, ಹೊಲ, ಮನೆ ಕೇಳಿದರೆ ಇವರು ಮೂಲೆಯಲ್ಲಿ ತೂಗುಹಾಕಿದ್ದ ಅವನ ರ‍್ಯಾಕೆಟ್ ತರಿಸಿದರು. ತಟ್ಟಿದರು. ಮುಖ ಸಿಂಡರಿಸಿ "ನಕಲಿ" ಎಂದರು. ಹುಡುಗಿಯ ತಂದೆ ಚಹಾದ ಕಪ್ಪು ಕೆಳಗಿಟ್ಟು ಎದ್ದೇಬಿಟ್ಟರು.

"ಹುಡುಗ ಅಸಲಿ ಅದಾನ್ರಿ" ಎಂದರು ಕಾಕಾ ನಿಧಾನವಾಗಿ. "ಮೋಸ ಹೋಗ್ಯಾನ, ಮೋಸ ಮಾಡಿಲ್ಲ. ಧೈರ್ಯಲೆ ಹೆಣ್ಣು ಕೊಡ್ರಿ."

ಆ ಜೋಡಿ ಈಗ ಸುಖವಾಗಿದೆ. ಅವರ ಮನೆಯಲ್ಲಿ ಆ ನಕಲಿ ರ‍್ಯಾಕೆಟ್ ನೊಣ ಹೊಡೆಯಲು ಬಳಕೆಯಾಗುತ್ತಿದೆ.

ಹೀಗಿರುವಾಗ ಹೈಕೋರ್ಟ್ ಇದ್ದಕ್ಕಿದ್ದಂತೆ ಅಂಗಳದಿಂದ ಮನೆಗೆ ವರ್ಗವಾಯಿತು. ಯಾರು ರ‍್ಯಾಕೆಟ್ ತಂದರೂ "ಮನಿಗೆ ಬರ್ರಿ" ಎನ್ನತೊಡಗಿದರು. ಅಲ್ಲಿ ಕಾಕು ಮೊರ ಹಿಡಿದು ಕೂತಿರಬೇಕು. ಕಾಕಾ ತಟ್ಟಬೇಕು, ತಟ್ಟಿ, ಚಹಾ ಕೇಳುತ್ತ ಕಾಕುವಿನ ಮುಖ ನೋಡಬೇಕು, ಆಮೇಲೆ ತೀರ್ಪು. ಈ ವಯಸ್ಸಿನಲ್ಲೂ ಹೆಂಡತಿಯ ಮುಂದೆ ಮೆರೆಯುವ ಆಸೆ ನೋಡಿ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಗಿಣಿಗೇರಾದ ಕಾರ್ಖಾನೆಯ ಸಾಹೇಬರೊಬ್ಬರು ಅಂಗಳಕ್ಕೇ ಬಂದು, ಭಾರಿ ಬೆಲೆಯ ಹೊಸ ರ‍್ಯಾಕೆಟನ್ನು ಕಾಕಾರ ಕೈಗಿಟ್ಟರು. ಎಲ್ಲರೂ ಸುತ್ತ ನಿಂತರು. ಮನೆಗೆ ಬರಲು ಸಾಹೇಬರಿಗೆ ಪುರುಸೊತ್ತಿಲ್ಲ. ಕಾಕಾ ಫೋನ್ ತೆಗೆದು ಸ್ಪೀಕರಿಗೆ ಹಾಕಿ, ಅದರ ಪಕ್ಕದಲ್ಲೇ ಚೌಕಟ್ಟು ತಟ್ಟಿ, "ಏನ, ಚಹಾ ಆತೇನು?" ಎಂದರು.

"ಹಾಲು ಒಡದಾವ್ರಿ" ಎಂದಿತು ಕಾಕುವಿನ ದನಿ.

"ನಕಲಿ" ಎಂದರು ಕಾಕಾ.

ಸಾಹೇಬರು ಪೆಚ್ಚಾದರು. ಅದಕ್ಕಿಂತ ಪೆಚ್ಚಾದವಳು ನಾನು. ಅದೇ ಹಾಲಿನ ಚಹಾ ಕುಡಿದು ಆಗಷ್ಟೇ ಅಂಗಳಕ್ಕೆ ಬಂದಿದ್ದೆ! ಆಮೇಲೆ ಗಮನಿಸಿದರೆ ನಮ್ಮ ಮನೆಯಲ್ಲಿ ಹಾಲು ಒಡೆಯುವುದಕ್ಕೆ ಲೆಕ್ಕವೇ ಇರಲಿಲ್ಲ. ಯಾರದಾದರೂ ರ‍್ಯಾಕೆಟ್ ಅಸಲಿಯಾದಾಗ ಮಾತ್ರ 'ಚಹಾ ಆತು' ಎಂಬ ಉತ್ತರ ಬರುತ್ತಿತ್ತು.

ಸಂಜೆ ಕಾಕುವನ್ನು ಹಿಡಿದು ಕೇಳಿದೆ. ಮೊದಲು ನಕ್ಕರು, ಆಮೇಲೆ ದನಿ ತಗ್ಗಿಸಿದರು.

"ಮಾತು ಕೇಳ್ತಾವ ಅವರಿಗೆ. ಸಣ್ಣ ಸಪ್ಪಳ, ಚೂಪು ಸಪ್ಪಳ ಕೇಳಂಗಿಲ್ಲ. ಕುಕ್ಕರಿನ ಸೀಟಿ ಸೈತ ಕೇಳಂಗಿಲ್ಲ. ಮಂದಿ ನಗಬಾರದಂತ ನಾನೇ ಈ ಹಾಲಿನ ಉಪಾಯ ಹೇಳಿಕೊಟ್ಟೀನಿ. ಯಾರ ಮುಂದೂ ಅನ್ನಬ್ಯಾಡವಾ."

ಯಾರ ಮುಂದೆ ಅನ್ನಲಿ? ಆದರೆ ಕಾಕಾರ ಮುಂದೆ ಮೆಲ್ಲಗೆ ಕಿವಿಯ ಮಷೀನಿನ ಮಾತು ತೆಗೆದೆ. ಸಿಡಿದೆದ್ದರು.

"ಹುಚ್ಚಿ, ನಕಲಿ ಕಿವಿ ಹಾಕ್ಕೊಂಡು ನಾ ಮಂದಿ ನಕಲಿ ಹಿಡೀಲೇನು? ಊರು ನಗತೈತಿ."

ತರ್ಕ ಅವರದೇ ಸರಿ ಎನಿಸಿ ನಾನೂ ಸುಮ್ಮನಾದೆ. ಕಾಕುವಿನ ಕಿವಿ ಗಟ್ಟಿ ಇರುವವರೆಗೆ ಕಾಕಾರಿಗೆ ಏನು ಕೊರತೆ?

ಮುಂದೆ ಕೆಲವು ದಿನ ಕಾಕಾ ಮಂಕಾಗಿದ್ದರು. ಒಂದು ಸಂಜೆ, ಎಂದೂ ಮಹಡಿ ಹತ್ತದವರು ಹತ್ತಿ ಬಂದು, ನನ್ನ ಬಾಗಿಲಲ್ಲಿ ಪರರ ಮನೆಗೆ ಬಂದವರ ಹಾಗೆ ನಿಂತರು.

"ತಂಗಿ, ಒಂದು ಮಾತು. ನಿಮ್ಮ ಕಾಕುಗ ನನ್ನ ಮ್ಯಾಲೆ ಏನರ ಸಿಟ್ಟು ಐತೇನು, ಕೇಳಿ ನೋಡು."

"ಯಾಕ್ರೀ ಕಾಕಾ? ಏನಾತು?"

"ಮದುವಿ ಆದಾಗಿಂದ ಅಕ್ಕಿ ಆರಿಸೂ ಮುಂದ ಏನರ ಗುನುಗ್ತಿದ್ಲು. ಈಗ ಬಿಟ್ಟುಬಿಟ್ಟಾಳ. ನಾ ಏನು ತಪ್ಪು ಮಾಡೀನೋ ಗೊತ್ತಾಗವಲ್ದು. ಕೇಳಾಕ ಧೈರ್ಯ ಆಗವಲ್ದು."

ಅದೇ ಹೊತ್ತಿಗೆ ಕೆಳಗಿನ ಕಟ್ಟೆಯಿಂದ ಕಾಕುವಿನ ಗುನುಗು ಮೆಟ್ಟಿಲು ಹತ್ತಿ ಬಂದು ನಮ್ಮಿಬ್ಬರ ನಡುವೆ ತುಂಬಿಕೊಂಡಿತ್ತು.

"ಕಾಕಾ," ಎಂದೆ, "ಅವರು ಬಿಟ್ಟೇ ಇಲ್ರಿ. ಈಗೂ ಗುನುಗಾಕತ್ತಾರ."

ಕಾಕಾ ಮೆಟ್ಟಿಲ ಕಡೆ ತಿರುಗಿದರು. ಕತ್ತು ಓರೆ ಮಾಡಿ ಕಿವಿ ಕೊಟ್ಟರು. ಎಷ್ಟೋ ಹೊತ್ತು ಹಾಗೇ ನಿಂತರು. ಆಮೇಲೆ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಇಳಿದು ಹೋದರು. ನನಗೆ ಅಳು ಬಂತು.

ಮರುದಿನ ಅವರೇ ನನ್ನನ್ನು ಹೊರಡಿಸಿಕೊಂಡು ಕೊಪ್ಪಳಕ್ಕೆ ಬಂದರು. ಕಿವಿ ಪರೀಕ್ಷೆ ಮುಗಿದು ಮಷೀನು ಕೈಗೆ ಬಂದಾಗ ಸುಮ್ಮನಿರುತ್ತಾರೆಯೇ? ಪೆಟ್ಟಿಗೆಯ ಸ್ಟಿಕರನ್ನು ಬೆಳಕಿಗೆ ಓರೆ ಹಿಡಿದರು. ನಂಬರಿನ ಮೇಲೆ ಉಗುರು ಆಡಿಸಿದರು. ಕಚ್ಚಲು ಹೋದಾಗ ನಾನೇ ತಡೆದೆ.

"ನಕಲಿ ಕಿವಿನಾದ್ರೂ ಅಸಲಿ ಇರಬೇಕಲ್ಲವಾ" ಎಂದು ಅದನ್ನು ಕಿವಿಗೆ ಏರಿಸಿಕೊಂಡರು.

ಮನೆಗೆ ಬಂದಾಗ ಬಾಗಿಲಲ್ಲಿ ಅದೇ ವಕೀಲರು ಹೊಸ ರ‍್ಯಾಕೆಟ್ ಹಿಡಿದು ಕಾಯುತ್ತಿದ್ದರು. ಕಾಕಾ ವಕೀಲರಿಗೆ ಕೂಡ್ರಿ ಎಂದು ಕೈಸನ್ನೆ ಮಾಡಿ ಸೀದಾ ಒಳಗೆ ನಡೆದರು. ಕಾಕು ಮೊರ ಹಿಡಿದು ಕೂತಿದ್ದರು, ಕಣ್ಣು ಅಕ್ಕಿಯ ಮೇಲೆ, ತುಟಿಯಲ್ಲಿ ಅದೇ ಪದ. ಕಾಕಾ ಅಡಿಗೆಮನೆಯ ಹೊಸ್ತಿಲ ಮೇಲೆ ಗೋಡೆಗೆ ಒರಗಿ ಕುಳಿತರು.

ಕಾಕು ತಲೆಯೆತ್ತಿ ಗುನುಗು ನಿಲ್ಲಿಸಿದರು. "ಏನ್ರಿ, ಹಂಗ ನೋಡಾಕತ್ತೀರಿ?"

"ನೋಡಾಕತ್ತಿಲ್ಲ," ಎಂದರು ಕಾಕಾ. "ನೀ ನಿಲ್ಲಿಸಬ್ಯಾಡ."