ಪೊಸ ಕುಂಟು ಉಂಡು, ಬಲೆ!

ಭಾಷೆಯ ಅಭಿಮಾನವನ್ನು ಮನುಷ್ಯ ಸ್ವಂತ ಗೋಡೆಯ ಮೇಲೆ ಬರೆದುಕೊಳ್ಳಬೇಕು, ಹೆಂಡತಿಯ ಅಂಗಡಿಯ ಬೋರ್ಡಿನ ಮೇಲಲ್ಲ. ಈ ಬುದ್ಧಿ ನನಗೆ ಬರುವಷ್ಟರಲ್ಲಿ ಬೋರ್ಡು ಏರಿಯಾಗಿತ್ತು.

ನನ್ನ ಹೆಂಡತಿ ಶಶಿಕಲಾ ಪುತ್ತೂರಿನ ದರ್ಬೆಯಲ್ಲಿ ಬಟ್ಟೆ ಅಂಗಡಿ ತೆರೆದಳು. ವರ್ಷಗಟ್ಟಲೆ ಜಗಲಿಯಲ್ಲಿ ಕೂತು ಊರವರ ರವಿಕೆ ಹೊಲಿಯುತ್ತ ಕಟ್ಟಿಕೊಂಡ ಆಸೆ ಅದು. "ಬೋರ್ಡಿನ ಕೆಲಸ ಒಂದು ನೀವು ನೋಡಿ" ಎಂದಳು. ನಾನು ಅಷ್ಟಕ್ಕೇ ಉಬ್ಬಿಹೋದೆ. ನಮ್ಮೂರಲ್ಲಿ ಮೀನಿಗೆ ಚೌಕಾಸಿ ಮಾಡುವುದು ತುಳುವಿನಲ್ಲಿ, ಜಗಳವಾಡುವುದೂ ತುಳುವಿನಲ್ಲಿ. ಸುಳ್ಯಕ್ಕೆ ಹೋದರೆ ಅರೆಭಾಷೆ, ಕಡಬದ ಕಡೆ ಮಲಯಾಳ. ಬೋರ್ಡುಗಳಲ್ಲಿ ಮಾತ್ರ ಫ್ಯಾಷನ್, ಕಲೆಕ್ಷನ್, ವರ್ಲ್ಡ್! ಹತ್ತಡಿ ಕೋಣೆಗೂ ವರ್ಲ್ಡ್ ಅಂತೆ. ನೋಡಿದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಕನ್ನಡ ಲಿಪಿಯಲ್ಲಿ ಅಚ್ಚ ತುಳು ಬರೆಸಿದೆ: "ಪೊಸ ಕುಂಟು ಉಂಡು, ಬಲೆ!" ಹೊಸ ಬಟ್ಟೆ ಇದೆ, ಬನ್ನಿ ಎಂದರ್ಥ. ಜಾಲ್ಸೂರಿನ ಪೇಂಟರ್ ಬ್ರಶ್ ಹಿಡಿದುಕೊಂಡೇ, "ಅಡಿಯಲ್ಲಿ ಬಟ್ಟೆ ಅಂಗಡಿ ಅಂತ ಹಾಕುದು ಬೇಡವಾ ಮಾರಾಯ್ರೆ?" ಎಂದ. "ಓದಿದವರಿಗೆ ಗೊತ್ತಾಗುದಿಲ್ವಾ?" ಎಂದು ಗದರಿದೆ.

ಗೊತ್ತಾಯಿತು. ಮೊದಲ ದಿನವೇ ಕಡಬದ ರಬ್ಬರ್ ಕೃಷಿಕರೊಬ್ಬರು ಬಂದು, "ಕೆರೆಗೆ ಹಾಕುವ ಬಲೆ ಉಂಟಾ?" ಎಂದರು. ಆಮೇಲೆ ಹಿರಿಯರೊಬ್ಬರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, "ಕುಂಟುವವರಿಗೆ ಎಣ್ಣೆ ಕೊಡುದು ಇಲ್ಲಿಯಾ?" ಎಂದು ಕೇಳಿದರು. ಅವರು ಹುಟ್ಟಾ ತುಳುವರು! ಅಕ್ಷರ ಕಂಡ ಕೂಡಲೇ ನಮ್ಮವರು ಕನ್ನಡದವರಾಗಿಬಿಡುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹುಬ್ಬಳ್ಳಿಯಿಂದ ಹೊಸದಾಗಿ ವರ್ಗವಾಗಿ ಬಂದ ಟೀಚರಂತೂ, "ಉಂಡು ಅಂತ ಬರ್ದೀರಿ, ಊಟ ಸಿಗತೈತೇನ್ರಿ?" ಎಂದರು.

ಒಂದು ವಾರ ಒಂದು ಸೀರೆಯೂ ಹೋಗಲಿಲ್ಲ. "ನಿಮ್ಮ ಅಭಿಮಾನಕ್ಕೆ ನನ್ನ ಅಂಗಡಿಯೇ ಆಗಬೇಕಿತ್ತಾ?" ಎಂದಳು ಶಶಿಕಲಾ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನ ಅವಳೇ ಸ್ಟೂಲು ಹತ್ತಿ ಬೋರ್ಡಿನ ಅಡಿಯಲ್ಲಿ ಸಾಲಾಗಿ ಸೀರೆಗಳನ್ನು ಇಳಿಬಿಟ್ಟಳು. ಸೀರೆಗೆ ಯಾವ ಭಾಷೆ! ಜನ ಬರತೊಡಗಿದರು. ಆ ಟೀಚರೂ ಬಂದು ಇಳಕಲ್ ಇದೆಯೇ ಎಂದು ನೋಡುತ್ತಿದ್ದರು.

ಆಗಲೇ ಒಬ್ಬರು ಅಜ್ಜಿ, ಮೊಮ್ಮಗಳಿಂದ ಬೋರ್ಡು ಓದಿಸಿಕೊಂಡು, ಬಾಯಿ ತುಂಬ ನಗುತ್ತ ಒಳಗೆ ಬಂದರು. ಕಿವಿಗೆ ಬಿದ್ದದ್ದೇ ಅವರಿಗೆ ಪೂರ್ತಿ ಅರ್ಥವಾಗಿತ್ತು. ನೇರ ನನ್ನ ಬಳಿ ಬಂದು, "ಮದಿಮೆದ ಕುಂಟು ಉಂಡಾ?" ಎಂದು ಮದುವೆ ಸೀರೆ ಕೇಳಿದರು. ಅಬ್ಬ, ನನ್ನ ಬೋರ್ಡು ಗೆದ್ದಿತು! ಸಂಭ್ರಮದಿಂದ ಎದ್ದು ನಿಂತು, "ಬನ್ನಿ ಅಜ್ಜಿ, ಕೂತುಕೊಳ್ಳಿ, ತೋರಿಸುತ್ತೇನೆ" ಎಂದೆ.

ಅಜ್ಜಿಯ ನಗು ನಿಂತಿತು. "ಬೋರ್ಡುಡು ತುಳು, ಬಾಯಿಡ್ ಕನ್ನಡನಾ?"

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವನು, ಮಗಳ ಶಾಲೆಗಾಗಿ ಮನೆಯಲ್ಲೂ ಕನ್ನಡ ಆಯಿತು, ನಾಲಿಗೆಗೆ ಅದೇ ಅಭ್ಯಾಸ ಎಂದು ನಾನು ತೊದಲಿದೆ, ಅದೂ ಕನ್ನಡದಲ್ಲಿ. ಸೀರೆ ನೋಡುತ್ತಿದ್ದ ಟೀಚರು ಶಶಿಕಲಾಳನ್ನು, "ಅಕ್ಕಾರ, ಈ ಕುಂಟು ಅಂದ್ರ ಏನ್ರಿ?" ಎಂದು ಕೇಳಿದರು.

"ತುಳುವಿನ ಕುಂಟು ಅಂದರೆ ಬಟ್ಟೆ ಟೀಚರೇ, ಅದು ಕಪಾಟಿನಲ್ಲಿ ಉಂಟು" ಎಂದಳು ಅವಳು. "ಕನ್ನಡದ ಕುಂಟು ಬೇಕಾದರೆ ಇವರ ನೆಪ ಕೇಳಿ."